ಬೀಗಗಳ ಕ್ರಮವೂ ಮನುಷ್ಯರ ಕ್ರಮವೂ

ಯಾರೊಬ್ಬರೂ ತಪ್ಪುಮಾಡದೆ ಇರುವಾಗಲೂ ಎಲ್ಲರಿಗೂ ಅನರ್ಥವುಂಟಾಗಬಹುದೆ? ಲೋಕವ್ಯವಹಾರದಲ್ಲಿ ಕೆಡಕು ಕಂಡೊಡನೆ ಕೆಡಿಸಿದವನನ್ನು ಹುಡುಕುವುದು ನಮ್ಮ ವಾಡಿಕೆ. ಕಳವಾದರೆ ಕಳ್ಳನಿದ್ದೇ ಇರಬೇಕು. ಕೆರೆಯ ಏರಿ ಒಡೆದರೆ ಕಾವಲು ತಪ್ಪಿದವನೊಬ್ಬನಿರಬೇಕು. ಕರ್ತೃವಿಲ್ಲದ ಕರ್ಮವನ್ನು ಒಪ್ಪಿಕೊಳ್ಳುವುದು ನಮಗೆ ಕಷ್ಟ. ಆದರೆ ಪ್ರತಿಯೊಬ್ಬನೂ ತನಗೆ ನ್ಯಾಯವಾಗಿ ದೊರೆತುದನ್ನು ಮಾತ್ರ ಹಿಡಿದುಕೊಂಡು, ನ್ಯಾಯವಾಗಿ ಬರಬೇಕಾದುದಕ್ಕೆ ತಾಳ್ಮೆಯಿಂದ ಕಾದಿದ್ದು, ಆ ನ್ಯಾಯದಿಂದಲೂ ಆ ತಾಳ್ಮೆಯಿಂದಲೂ ಎಲ್ಲರ ಕೆಲಸವೂ ನಿಂತುಹೋಗುವ ಒಂದು ಬಗೆಯ ಅನರ್ಥವುಂಟು. ಗಣಕಯಂತ್ರಶಾಸ್ತ್ರದವರು ಇದನ್ನು ಡೆಡ್‌ಲಾಕ್ ಎನ್ನುತ್ತಾರೆ. ನಾವು ಪರಸ್ಪರ ಸ್ತಂಭನವೆಂದು ಕರೆಯೋಣ. ಅವರು ಇದಕ್ಕೆ ಕಂಡುಕೊಂಡಿರುವ ಪರಿಹಾರವು ಧರ್ಮಜಿಜ್ಞಾಸೆಗೂ ಒಂದು ತೊಡಕಾದ ಪ್ರಶ್ನೆಯನ್ನು ಒಡ್ಡುವುದರಿಂದ, ಅದನ್ನು ಈ ಪತ್ರಿಕೆಯ ಓದುಗರ ಮುಂದಿಡುವುದು ಅಪ್ರಸ್ತುತವಾಗದೆಂದು ನಂಬಿದ್ದೇನೆ.

ಯಂತ್ರದ ಮಾತಿಗೆ ಮೊದಲು ನಮ್ಮ ಚನ್ನಗಿರಿ ಸೀಮೆಯ ಅಡಿಕೆಯ ಮಾತು. ನಲ್ಲೂರಿನಂಥ ಒಂದು ಊರಿನಲ್ಲಿ ಹತ್ತು ಮನೆಯವರು ಸೇರಿ ಒಂದು ಸುಲಿಯುವ ಯಂತ್ರವನ್ನೂ ಬೇಯಿಸುವ ಒಂದು ದೊಡ್ಡ ಹಂಡೆಯನ್ನೂ ಕೊಂಡಿದ್ದಾರೆಂದು ಭಾವಿಸೋಣ. ಯಂತ್ರವು ಊರಿನ ಮೂಡಣ ಕೊಟ್ಟಿಗೆಯಲ್ಲಿದೆ; ಹಂಡೆಯು ಪಡುವಣ ಕೇರಿಯಲ್ಲಿದೆ. ಸುಲಿದ ಹಸಿ ಅಡಿಕೆಯನ್ನು ತಡಮಾಡದೆ ಬೇಯಿಸಬೇಕು, ಇಲ್ಲವಾದರೆ ಕೆಡುತ್ತದೆ. ಆದಕಾರಣ ವಿವೇಕಿಯಾದ ತೋಟಗಾರನು ಯಂತ್ರ ಹಂಡೆಗಳೆರಡೂ ತನ್ನ ವಶಕ್ಕೆ ಬರುವ ತನಕ ಕೆಲಸವನ್ನು ಮೊದಲುಮಾಡನು. ಕೊನೆ ಇಳಿಸಿದ ದಿನ ಮೂಡಣದವನೊಬ್ಬನು ಹತ್ತಿರದಲ್ಲಿದ್ದ ಯಂತ್ರವನ್ನು ತೆಗೆದುಕೊಂಡು ಹಂಡೆಗೆ ಹೋಗುತ್ತಾನೆ. ಅದೇ ದಿನ ಪಡುವಣದವನೊಬ್ಬನು ಹತ್ತಿರದಲ್ಲಿದ್ದ ಹಂಡೆಯನ್ನು ತೆಗೆದುಕೊಂಡು ಯಂತ್ರಕ್ಕೆ ಬರುತ್ತಾನೆ. ಒಬ್ಬನು ಹಿಡಿದಿರುವುದು ಇನ್ನೊಬ್ಬನಿಗೆ ಬೇಕು. ಇಬ್ಬರೂ ಸಜ್ಜನರು; ಕಸಿದುಕೊಳ್ಳುವವರಲ್ಲ, ಕಾಯುತ್ತಾರೆ. ಒಬ್ಬನ ಕೆಲಸ ಮುಗಿದ ಹೊರತು ಮತ್ತೊಬ್ಬನಿಗೆ ವಸ್ತು ಬರುವುದಿಲ್ಲ. ಮತ್ತೊಬ್ಬನ ವಸ್ತು ಬಂದ ಹೊರತು ಈತನ ಕೆಲಸ ಮೊದಲಾಗುವುದಿಲ್ಲ. ಯಂತ್ರವೂ ಸುಮ್ಮನಿದೆ, ಹಂಡೆಯೂ ತಣ್ಣಗಿದೆ, ಮಿಕ್ಕ ಎಂಟು ಮನೆಗಳವರು ಅಂಗಳದಲ್ಲಿ ಕೊನೆ ರಾಶಿಹಾಕಿಕೊಂಡು ಕುಳಿತಿದ್ದಾರೆ. ಪಂಚಾಯಿತಿ ಸೇರಿದರೆ ಯಾರ ಮೇಲೆ ತಪ್ಪು ಹೊರಿಸುವುದು?

ಗಣಕಯಂತ್ರದಲ್ಲಿ ಮಿಕ್ಕೆಲ್ಲ ಪ್ರೋಗ್ರಾಂಗಳಿಗೂ ಯಜಮಾನಿಕೆ ನಡೆಸತಕ್ಕ ಮೂಲ ಪ್ರೋಗ್ರಾಂ ಒಂದುಂಟು. ಅದಕ್ಕೆ ಕರ್ನಲ್ ಎಂದು ಹೆಸರು. ಎರಡು ಪ್ರೋಗ್ರಾಂಗಳು ಪರಸ್ಪರ ಮಾತನಾಡಬೇಕಾದರೆ ಪ್ರತಿಯೊಂದಕ್ಕೂ ಕರ್ನಲ್ಲಿನಲ್ಲಿ ಒಂದೊಂದು ಸಾಕೆಟ್ ಇರಬೇಕು. ಟೆಲಿಫೋನ್ ತಂತಿಯ ಎರಡು ತುದಿಗಳಲ್ಲಿ ಎರಡು ಉಪಕರಣಗಳಿದ್ದಂತೆ. ಈ ಏರ್ಪಾಡು ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾನಿಲಯದ ಯೂನಿಕ್ಸ್‌ನ ಮೂಲಕ 1983ರಲ್ಲಿ ಪ್ರಚಾರಕ್ಕೆ ಬಂದಿತು. ಫಿನ್ಲೆಂಡಿನ ಲೀನಸ್ ತೊರ್ವಾಲ್ಡ್ಸ್ ಎಂಬವರು 1991ರಲ್ಲಿ ಆರಂಭಿಸಿದ ಲಿನಕ್ಸ್ ಎಂಬ ಕರ್ನಲ್ಲಿನಲ್ಲಿಯೂ ಇದೇ ನಡೆಯುತ್ತಿದೆ. ಇಂದು ನಮ್ಮ ಜನರ ಕೈಯಲ್ಲಿರುವ ಬಹುಪಾಲು ಮೊಬೈಲುಗಳ ಒಳಗೂ ಈ ಲಿನಕ್ಸೇ ಇದೆ. ಪ್ರತಿ ಸಾಕೆಟ್ಟಿನ ಸ್ಥಿತಿಗತಿಗಳನ್ನು ಕರ್ನಲ್ ಒಂದು ಲೆಕ್ಕದ ಪುಟದಂತೆ ಬರೆದಿಟ್ಟುಕೊಂಡಿರುತ್ತದೆ. ಆ ಪುಟವನ್ನು ಏಕಕಾಲದಲ್ಲಿ ಇಬ್ಬರು ತಿದ್ದಿದರೆ ಲೆಕ್ಕ ಕಲಸಿಹೋಗುವುದರಿಂದ ಪುಟಕ್ಕೊಂದು ಬೀಗವನ್ನಿಟ್ಟಿದ್ದಾರೆ. ಬೀಗ ಹಿಡಿದವನೇ ತಿದ್ದಬೇಕು, ಉಳಿದವರು ಕಾಯಬೇಕು. ಎರಡು ಸಾಕೆಟ್ಟುಗಳನ್ನು ಒಂದಕ್ಕೊಂದು ಜೋಡಿಸುವಾಗ ಎರಡು ಪುಟಗಳನ್ನೂ ತಿದ್ದಬೇಕಾದ್ದರಿಂದ ಎರಡು ಬೀಗಗಳೂ ಬೇಕು. ಒಂದು ಕಾರ್ಯವು ಮೊದಲನೆಯ ಸಾಕೆಟ್ಟಿನ ಬೀಗ ಹಿಡಿದು ಎರಡನೆಯದಕ್ಕೂ, ಇನ್ನೊಂದು ಕಾರ್ಯವು ಎರಡನೆಯದರ ಬೀಗ ಹಿಡಿದು ಮೊದಲನೆಯದಕ್ಕೂ ಕಾದರೆ, ನಲ್ಲೂರಿನ ಯಂತ್ರ ಹಂಡೆಗಳ ಕಥೆಯೇ ಆಯಿತು. ಈ ಬೀಗಗಳಲ್ಲಿ ಒಂದು ಬಗೆಯವು ವಿಚಿತ್ರವಾದವು: ಅವುಗಳಿಗಾಗಿ ಕಾಯುವ ಸಂಸ್ಕಾರಕವು ಬೇರೇನನ್ನೂ ಮಾಡದೆ ‘ಬಿಟ್ಟೆಯಾ, ಬಿಟ್ಟೆಯಾ’ ಎಂದು ಬೀಗವನ್ನೇ ನೋಡುತ್ತ ಸುತ್ತುತ್ತಿರುತ್ತದೆ. ಆದ್ದರಿಂದ ಹೊರಗಿನಿಂದ ನೋಡುವವನಿಗೆ ಯಂತ್ರವು ಬಿಸಿಯಾಗಿ ದುಡಿಯುತ್ತಿರುವಂತೆ ಕಾಣುವುದೂ ಉಂಟು. ಒಳಗೆ ಒಂದಂಗುಲವೂ ಕೆಲಸ ಸಾಗಿರುವುದಿಲ್ಲ.

ಡಚ್ ದೇಶದ ಪಂಡಿತರಾದ ಡೈಕ್‌ಸ್ಟ್ರಾ ಇದನ್ನು ‘ಮಾರಕವಾದ ಆಲಿಂಗನ’ ಎಂದು ಕರೆದರು. ಭಾರತವನ್ನು ಕೇಳಿ ಬೆಳೆದ ನಮಗೆ ಕೂಡಲೆ ಧೃತರಾಷ್ಟ್ರನ ಆಲಿಂಗನದ ನೆನಪು ಬರುತ್ತದೆ. ಆದರೆ ಅಲ್ಲಿ ಅಪ್ಪಿದವನ ಮನಸ್ಸಿನಲ್ಲಿ ದ್ವೇಷವಿದ್ದಿತು. ಇಲ್ಲಿ ಅದೇ ಇಲ್ಲ. 1971ರಲ್ಲಿ ಕಾಫ್‌ಮನ್ ಮೊದಲಾದ ಮೂವರು ಈ ಸ್ತಂಭನಕ್ಕೆ ಬೇಕಾದ ನಾಲ್ಕು ನಿಮಿತ್ತಗಳನ್ನು ವಿಂಗಡಿಸಿ ಹೇಳಿದರು. ವಸ್ತುವನ್ನು ಒಮ್ಮೆಗೆ ಒಬ್ಬನೇ ಬಳಸಬೇಕು, ಹಿಡಿದದ್ದನ್ನು ಬಿಡದೆ ಇನ್ನೊಂದಕ್ಕೆ ಕಾಯಬೇಕು, ಹಿಡಿದವನಿಂದ ಕಸಿಯಲಾಗದು, ಕಾಯುವವರ ಸಾಲು ಸುತ್ತಿಬಂದು ಚಕ್ರವಾಗಬೇಕು. ಈ ನಾಲ್ಕರಲ್ಲಿ ಒಂದಾದರೂ ದುರ್ಗುಣವೆನಿಸುವುದೆ? ಮೊದಲನೆಯದು ಶಿಸ್ತು, ಎರಡನೆಯದು ದೃಢತೆ, ಮೂರನೆಯದು ಪರರ ಹಕ್ಕಿನಲ್ಲಿ ಗೌರವ. ನಾಲ್ಕನೆಯದನ್ನಂತೂ ಕಾಯುವವರಲ್ಲಿ ಯಾರೂ ಕಾಣಲಾರರು. ತನ್ನ ಮುಂದಿರುವವನ ಬೆನ್ನು ಮಾತ್ರ ಅವರವರಿಗೆ ಕಾಣುತ್ತದೆ.

ಹಾಗಾದರೆ ಸೌಜನ್ಯವನ್ನೇ ಇನ್ನಷ್ಟು ಹೆಚ್ಚಿಸಿದರೆ ಆಗದೆ ಎಂದು ಕೇಳಬಹುದು. ಇಬ್ಬರೂ ಹಿಡಿದದ್ದನ್ನು ಬಿಟ್ಟು, ‘ನಿಮ್ಮದು ಮೊದಲಾಗಲಿ’ ಎಂದು ಹಿಂದೆ ಸರಿದು, ಕ್ಷಣಕಾಲದ ಮೇಲೆ ಇಬ್ಬರೂ ಮತ್ತೆ ಹಿಡಿದು, ಮತ್ತೆ ಬಿಟ್ಟು—ಹೀಗೆ ಸಾಯಂಕಾಲದವರೆಗೂ ನಡೆಯಬಹುದು. ಕಿರಿದಾದ ಓಣಿಯಲ್ಲಿ ಎದುರುಬದುರಾದ ಇಬ್ಬರು ಮರ್ಯಾದಸ್ಥರು ಒಂದೇ ಬದಿಗೆ ಸರಿಯುತ್ತ ನಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಬಲಾತ್ಕಾರವೂ ಇಲ್ಲಿ ಸಲ್ಲದು. ಪುಟವನ್ನು ಅರ್ಧ ತಿದ್ದಿರುವವನಿಂದ ಬೀಗ ಕಿತ್ತುಕೊಂಡರೆ ಆ ಅರ್ಧ ಸತ್ಯವೇ ಮುಂದಿನವನಿಗೆ ಆಧಾರವಾಗುತ್ತದೆ. ಇಡೀ ಕರ್ನಲ್ಲಿಗೇ ಒಂದೇ ಮಹಾಬೀಗವನ್ನಿಡುವ ಉಪಾಯವನ್ನು ಲಿನಕ್ಸಿನವರು 1996ರಲ್ಲಿ ಮಾಡಿನೋಡಿದರು. ಒಂದೇ ಬೀಗವಾದ್ದರಿಂದ ಕ್ರಮದ ತೊಡಕೇನೋ ತಪ್ಪಿತು; ಆದರೆ ಎಷ್ಟು ಸಂಸ್ಕಾರಕಗಳಿದ್ದರೂ ಆ ಬೀಗ ಬೇಕಾದ ಕೆಲಸಕ್ಕೆ ಒಂದೇ ಮುಂದೆ, ಉಳಿದವೆಲ್ಲ ಬಾಗಿಲಲ್ಲಿ. ಏಕಾಧಿಪತ್ಯದ ಶಾಂತಿ ಅಂಥದು. ಅದನ್ನು ಚೂರುಚೂರಾಗಿ ಸವೆಸಿ ಪೂರ್ತಿಯಾಗಿ ಕಿತ್ತುಹಾಕುವ ವೇಳೆಗೆ 2011ನೆಯ ಇಸವಿಯಾಗಿತ್ತು. ಬರಿದೆ ಓದುವವರಿಗೆ ಬೀಗವೇ ಬೇಡವಾಗುವಂತೆ ಮಾಡುವ ಒಂದು ಜಾಣ್ಮೆಯ ವಿಧಾನವೂ ಉಂಟು. 2002ರಲ್ಲಿ ಅದನ್ನು ಲಿನಕ್ಸಿಗೆ ತಂದವರಲ್ಲಿ, ಪಾಲ್ ಮೆಕೆನ್ನಿಯವರೊಡನೆ, ಬೆಂಗಳೂರಿನ ಐ.ಬಿ.ಎಂ. ಸಂಸ್ಥೆಯಲ್ಲಿದ್ದ ದೀಪಂಕರ ಸರ್ಮಾ ಅವರೂ ಒಬ್ಬರೆಂಬುದು ನಮ್ಮ ನಾಡಿಗೆ ಸಂತೋಷದ ಸಂಗತಿ. ಆದರೆ ತಿದ್ದುವವರಿಗೆ ಬೀಗ ತಪ್ಪಿದ್ದಲ್ಲ.

ಕಡೆಗೆ ನಿಂತ ಪರಿಹಾರವು ಬಹು ಸರಳ. ಎರಡು ಬೀಗ ಬೇಕಾದವರೆಲ್ಲರೂ ಒಂದೇ ಕ್ರಮದಲ್ಲಿ ಹಿಡಿಯತಕ್ಕದ್ದು, ಅಷ್ಟೆ. ನಲ್ಲೂರಿನವರು ‘ಮೊದಲು ಯಂತ್ರ, ಆಮೇಲೆ ಹಂಡೆ’ ಎಂದು ಗೊತ್ತುಮಾಡಿಕೊಂಡರೆ, ಯಂತ್ರ ಸಿಕ್ಕದವನು ಹಂಡೆಯನ್ನು ಮುಟ್ಟುವುದಿಲ್ಲ. ಯಂತ್ರ ಸಿಕ್ಕಿದವನಿಗೆ ಹಂಡೆ ಇಂದಲ್ಲ ನಾಳೆ ಬಂದೇ ಬರುತ್ತದೆ. ಚಕ್ರವು ಕೂಡಿಕೊಳ್ಳುವುದೇ ಇಲ್ಲ. ಲಿನಕ್ಸಿನಲ್ಲಿ, ಒಂದೇ ಯಂತ್ರದೊಳಗಿನ ಪ್ರೋಗ್ರಾಂಗಳು ಮಾತನಾಡತಕ್ಕ ಸಾಕೆಟ್ಟುಗಳ ಭಾಗದಲ್ಲಿ, ಎರಡು ಸಾಕೆಟ್ಟುಗಳಿಗೆ ಒಟ್ಟಿಗೆ ಬೀಗ ಹಾಕಬೇಕಾದಾಗ ಸ್ಮೃತಿಯಲ್ಲಿ ಯಾವುದರ ವಿಳಾಸದ ಸಂಖ್ಯೆ ಚಿಕ್ಕದೋ ಅದನ್ನು ಮೊದಲು ಹಿಡಿಯುತ್ತಾರೆ. ಎರಡೂ ಒಂದೇ ಸಾಕೆಟ್ಟಾಗಿದ್ದರೆ ಒಂದೇ ಸಲ ಹಿಡಿಯುತ್ತಾರೆ. ಸಾಕೆಟ್ ತನ್ನೊಡನೆ ತಾನೇ ಮಾತನಾಡಿಕೊಳ್ಳುವುದೂ ಉಂಟು. ಅಂಥಲ್ಲಿ ಎರಡು ಸಲ ಹಿಡಿಯಲು ಹೋದವನು ತನಗಾಗಿ ತಾನೇ ಕಾಯುತ್ತ ನಿಲ್ಲಬೇಕಾದೀತು. ವೇದಾಂತಿಗಳಿಗೆ ಈ ಉದಾಹರಣೆ ರುಚಿಸಬಹುದು.

ಇನ್ನು ಪ್ರಶ್ನೆಗೆ ಬರೋಣ. ಚಿಕ್ಕ ಸಂಖ್ಯೆಯ ವಿಳಾಸಕ್ಕೆ ಏನು ಹಿರಿಮೆ? ಏನೂ ಇಲ್ಲ. ಆ ಗಳಿಗೆಯಲ್ಲಿ ಸ್ಮೃತಿಯ ಯಾವ ಮೂಲೆ ಖಾಲಿಯಿದ್ದಿತೋ ಅಲ್ಲಿ ಆ ಸಾಕೆಟ್ ಹುಟ್ಟಿತು. ಅಷ್ಟು ಮಾತ್ರವೇ ಅದರ ಯೋಗ್ಯತೆ. ದೊಡ್ಡ ಸಂಖ್ಯೆಯನ್ನು ಮೊದಲು ಹಿಡಿದಿದ್ದರೂ ಫಲವು ಅದೇ. ಕಾರಣವಿಲ್ಲದ ಇಂಥ ಕ್ರಮಕ್ಕೆ ವಿಚಾರವಂತನು ತಲೆಬಾಗಬೇಕೆ? ಇಲ್ಲಿ ಎರಡು ಕಾರಣಗಳನ್ನು ಬೇರ್ಪಡಿಸಿ ನೋಡಬೇಕೆಂದು ನನಗೆ ತೋರುತ್ತದೆ. ಒಂದು ಕ್ರಮವಿರಬೇಕು ಎಂಬುದಕ್ಕೆ ಕಾರಣವುಂಟು, ಅದು ಬಲವಾದದ್ದು. ಈ ಕ್ರಮವೇ ಇರಬೇಕು ಎಂಬುದಕ್ಕೆ ಕಾರಣವಿಲ್ಲ. ರಸ್ತೆಯ ಎಡಬದಿಯಲ್ಲಿ ಗಾಡಿ ಹೊಡೆಯುವ ನಾವು ಎಡದಲ್ಲಿ ಪುಣ್ಯವುಂಟೆಂದು ಹೊಡೆಯುವುದಿಲ್ಲ. ಎದುರಿನಿಂದ ಬರುವವನೂ ಅದನ್ನೇ ನಂಬಿ ಬರುತ್ತಿದ್ದಾನೆಂದು ಹೊಡೆಯುತ್ತೇವೆ. ಆ ನಂಬಿಕೆಯನ್ನು ಮುರಿಯುವವನು ತನ್ನ ಬುದ್ಧಿಗೆ ಎಷ್ಟೇ ಒಳ್ಳೆಯ ಕಾರಣ ಕಂಡಿದ್ದರೂ ಪರರ ಪ್ರಾಣದೊಡನೆ ಆಡುತ್ತಾನೆ.

ಇಷ್ಟು ಸುಲಭವಾಗಿ ಒಪ್ಪಿಬಿಡುವುದು ಅಪಾಯವೆಂದು ಹೇಳುವ ಪೂರ್ವಪಕ್ಷವೊಂದುಂಟು, ಮತ್ತು ಅದು ನಮ್ಮ ದೇಶದಲ್ಲಿ ಲಘುವಾದ ಪೂರ್ವಪಕ್ಷವಲ್ಲ. ‘ಕಾರಣ ಕೇಳಬೇಡ, ಕ್ರಮವಿಲ್ಲದಿದ್ದರೆ ಲೋಕ ನಿಲ್ಲುವುದಿಲ್ಲ, ನಿನ್ನ ಸ್ಥಾನದಲ್ಲಿ ನೀನಿರು’ ಎಂಬ ಮಾತನ್ನೇ ಅಲ್ಲವೆ ಶತಮಾನಗಳ ಕಾಲ ಜಾತಿಯ ಸಮರ್ಥಕರು ಆಡುತ್ತ ಬಂದದ್ದು? ಹುಟ್ಟಿದ ಜಾಗದಿಂದ ಹಿರಿಮೆ ಕಿರಿಮೆಗಳನ್ನು ಗೊತ್ತುಮಾಡುವುದಕ್ಕೂ, ವಿಳಾಸದ ಸಂಖ್ಯೆಯಿಂದ ಹಿಂದು ಮುಂದುಗಳನ್ನು ಗೊತ್ತುಮಾಡುವುದಕ್ಕೂ ಭೇದವೇನು? ಬೀಗಗಳ ಕ್ರಮವನ್ನು ಹೊಗಳುವವನು ಈ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗಕೂಡದು.

ಭೇದವಿದೆ. ಬೀಗಗಳ ಕ್ರಮವು ‘ಯಾವುದು ಮೊದಲು’ ಎಂದು ಹೇಳುತ್ತದೆ. ಜಾತಿಯ ಕ್ರಮವು ‘ಯಾರು ಮೊದಲು’ ಎಂದು ಹೇಳುತ್ತದೆ. ಯಂತ್ರವು ಮೊದಲು, ಹಂಡೆಯು ಆಮೇಲೆ ಎಂಬ ಕಟ್ಟಳೆಯಲ್ಲಿ ಮೂಡಣದವನಿಗೂ ಪಡುವಣದವನಿಗೂ ಸ್ಥಾನಭೇದವಿಲ್ಲ. ಯಾರೇ ಬರಲಿ, ಅದೇ ಬಾಗಿಲಿಗೆ ಮೊದಲು ಬಂದು, ಅದೇ ಬಾಗಿಲಿಗೆ ಆಮೇಲೆ ಹೋಗಬೇಕು. ವಸ್ತುಗಳನ್ನು ಸಾಲಾಗಿ ನಿಲ್ಲಿಸಿರುವುದರಿಂದಲೇ ಮನುಷ್ಯರನ್ನು ಸಾಲಾಗಿ ನಿಲ್ಲಿಸುವ ಅಗತ್ಯ ತಪ್ಪುತ್ತದೆ. ಪಡುವಣದವನು ಹಂಡೆಯ ಪಕ್ಕದ ಮನೆಯಿಂದ ಊರಿನ ಆ ತುದಿಗೆ ನಡೆಯಬೇಕಾಗುವುದು ನಿಜ. ಕ್ರಮದ ಹೊರೆ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಆದರೆ ಆ ಹೊರೆ ಅರ್ಧ ಹರದಾರಿಯ ನಡಿಗೆ ಮಾತ್ರ. ಬರುವ ವರ್ಷ ಊರವರು ಕೂಡಿ ಕ್ರಮವನ್ನು ತಿರುಗಿಸಬಹುದು. ತಿರುಗಿಸಿದರೆ ಯಾವ ಶಾಸ್ತ್ರಕ್ಕೂ ಭಂಗವಿಲ್ಲ.

ನೀರಿನ ವಿಷಯದಲ್ಲಿ ಈ ಭೇದವು ನಮ್ಮ ಸೀಮೆಯವರಿಗೆ ಚೆನ್ನಾಗಿ ತಿಳಿಯತಕ್ಕದ್ದು. ಹರಿದ್ರಾ ಹಳ್ಳಕ್ಕೆ ಎರಡು ಗುಡ್ಡಗಳ ನಡುವೆ ಗಿಡ್ಡನೆಯ ಏರಿ ಕಟ್ಟಿ ನಿಲ್ಲಿಸಿದ ಸೂಳೆಕೆರೆಯು, ಆರು ಸಾವಿರ ಎಕರೆಗೂ ಮಿಕ್ಕಿದ ತನ್ನ ಹರವಿನಿಂದ, ಸಿದ್ಧನ ನಾಲೆ ಬಸವನ ನಾಲೆಗಳೆಂಬ ಎರಡು ಕಾಲುವೆಗಳ ಮೂಲಕ ಗದ್ದೆಗಳಿಗೆ ನೀರೂಡುತ್ತದೆ. ಭದ್ರೆಯ ಬಲದಂಡೆ ನಾಲೆಯಲ್ಲಿ ಇಂತಿಷ್ಟು ದಿನ ನೀರು, ಇಂತಿಷ್ಟು ದಿನ ಬಿಡುವು ಎಂಬ ಸರದಿಯುಂಟು. ಎಲ್ಲಿ ನೋಡಿದರೂ ನಾಲೆಯ ತಲೆಯ ಗದ್ದೆಯವನಿಗೆ ನೀರು ಮೊದಲು, ಬಾಲದ ಗದ್ದೆಯವನಿಗೆ ಕಡೆಗೆ. ಮೇಲಿನಿಂದ ಕೆಳಕ್ಕೆ ಹರಿಯುವುದು ನೀರಿನ ಸ್ವಭಾವವಾದುದರಿಂದ ಇದು ವಸ್ತುವಿನ ಕ್ರಮವೆಂದೇ ತೋರುತ್ತದೆ. ವಿಚಾರಿಸಿದರೆ ಮನುಷ್ಯರ ಕ್ರಮವೇ. ಏಕೆಂದರೆ ಬರದ ವರ್ಷದಲ್ಲಿ ಒಣಗುವ ಪೈರು ಯಾವಾಗಲೂ ಅದೇ ಮನೆಗಳದು. ತಲೆಯಲ್ಲಿರುವವನು ಕಳ್ಳನಲ್ಲ, ತೂಬು ತೆರೆದಾಗ ಬಂದ ನೀರನ್ನು ಬಳಸಿದವನು. ಆದರೂ ಬಾಲದವನ ಹೊಲ ಒಣಗಿತು. ಇಂಥಲ್ಲಿ ಸರದಿಯನ್ನು ಬಾಲದಿಂದ ಮೊದಲುಮಾಡುವುದಾಗಲಿ, ಬೆಳೆಯಿಂದ ಬೆಳೆಗೆ ತಿರುಗಿಸುವುದಾಗಲಿ ನ್ಯಾಯ. ಹಿಂದೆ ಕೆರೆಯ ನೀರನ್ನು ಹಂಚುತ್ತಿದ್ದವನು ನೀರಗಂಟಿ. ಗದ್ದೆಯುಳ್ಳವರ ಕೈಗೆ ತೂಬನ್ನು ಕೊಡದೆ ಹಂಚುವುದಕ್ಕೆಂದೇ ಒಬ್ಬನನ್ನು ನಿಲ್ಲಿಸಿದ್ದರಲ್ಲಿ ವಿವೇಕವಿದ್ದಿತು. ಆದರೆ ಕರ್ಣಾಟಕದ ಅನೇಕ ಊರುಗಳಲ್ಲಿ ಆ ನೀರಗಂಟಿಯು ಅಸ್ಪೃಶ್ಯನೆನಿಸಿದ ಕುಲದವನಾಗಿದ್ದನು. ಊರಿನ ಗದ್ದೆಗಳಿಗೆಲ್ಲ ಸರದಿಯ ಪ್ರಕಾರ ನೀರು ಬಿಟ್ಟವನು ಊರ ಬಾವಿಯ ಸರದಿಯಲ್ಲಿ ನಿಲ್ಲುವಂತಿರಲಿಲ್ಲ. ವಸ್ತುಗಳ ಕ್ರಮವನ್ನು ಅಷ್ಟು ಚೆನ್ನಾಗಿ ಅರಿತ ಊರು ಮನುಷ್ಯರ ಕ್ರಮವನ್ನು ಅದರ ಪಕ್ಕದಲ್ಲಿಯೇ ಇಟ್ಟುಕೊಂಡಿದ್ದಿತು. ಎರಡಕ್ಕೂ ‘ಕಟ್ಟುಪಾಡು’ ಎಂಬ ಒಂದೇ ಹೆಸರು.

ಯಾರು ಮೊದಲು ಎಂಬುದನ್ನು ಗೊತ್ತುಮಾಡಲೇಬೇಕಾದ ಸಂದರ್ಭಗಳೂ ಇಲ್ಲದಿಲ್ಲ. ಬೇಕಾದ ಬೀಗಗಳಾವುವೆಂಬುದು ಮೊದಲೇ ತಿಳಿಯದಿರುವ ಕೆಲಸಗಳಿಗಾಗಿ 2013ರಲ್ಲಿ ಲಿನಕ್ಸಿಗೆ ಇನ್ನೊಂದು ಬಗೆಯ ಬೀಗವು ಬಂದಿತು. ಅಲ್ಲಿ ಕೆಲಸಕ್ಕೆ ಬಂದವರೆಲ್ಲರಿಗೂ ಬಂದ ಹೊತ್ತಿನ ಪ್ರಕಾರ ಒಂದೊಂದು ಚೀಟಿ. ಚಕ್ರ ಬಿದ್ದರೆ ಕಿರಿಯ ಚೀಟಿಯವನು ಹಿಡಿದದ್ದನ್ನು ಬಿಟ್ಟು ಹಿರಿಯನಿಗೆ ದಾರಿಕೊಡಬೇಕು. ಆದರೆ ಹಿಂದೆ ಸರಿದವನು ಮರಳಿ ಬರುವಾಗ ಹೊಸ ಚೀಟಿ ಪಡೆಯುವುದಿಲ್ಲ. ಹಳೆಯದನ್ನೇ ಹಿಡಿದು ಬರುತ್ತಾನೆ. ಹಿರಿಯರು ಕೆಲಸ ಮುಗಿಸಿ ಹೋಗುತ್ತಿದ್ದಂತೆ, ಇಂದು ಬಿಟ್ಟುಕೊಟ್ಟವನೇ ಮುಂದೆ ಎಲ್ಲರಿಗಿಂತ ಹಿರಿಯನಾಗುತ್ತಾನೆ. ಮನುಷ್ಯರನ್ನು ಸಾಲಾಗಿ ನಿಲ್ಲಿಸಲೇಬೇಕಾದರೆ ಸಾಲು ಹೀಗೆ ಮುಂದಕ್ಕೆ ಸರಿಯುವಂಥದಾಗಿರಬೇಕು.

ಕ್ರಮವನ್ನು ಒಪ್ಪಿದವನಿಗೆ ಇನ್ನೊಂದು ಕಷ್ಟ ಕಾದಿದೆ. ಹಂಡೆಯನ್ನು ಹಿಡಿದು ಅರ್ಧ ಕೆಲಸದಲ್ಲಿರುವಾಗ ಯಂತ್ರವೂ ಬೇಕೆಂದು ಅರಿವಾದರೆ ಏನು ಗತಿ? ಹಂಡೆಯನ್ನು ಮರಳಿ ಕೊಟ್ಟು, ಮೊದಲಿನಿಂದ ಬರಬೇಕು. ಬಂದಾಗ ಹಂಡೆಯು ಬಿಟ್ಟುಹೋದ ಸ್ಥಿತಿಯಲ್ಲಿಯೇ ಇರುವುದೆಂದು ನಂಬುವಂತಿಲ್ಲ. ನಡುವೆ ಬೇರೊಬ್ಬನು ಅದರಲ್ಲಿ ಚೊಗರು ಕಾಯಿಸಿರಬಹುದು. ಸಾಕೆಟ್ ಜೋಡಿಸುವ ಕರ್ನಲ್ ಭಾಗವನ್ನು ಬರೆದವರು ಇದನ್ನು ಚೆನ್ನಾಗಿ ಬಲ್ಲರು. ಕರೆಯುವ ಸಾಕೆಟ್ಟು ಕರೆ ಸ್ವೀಕರಿಸಲು ಕುಳಿತಿರುವ ಸಾಕೆಟ್ಟಿನ ಬೀಗವನ್ನು ಮೊದಲು ಹಿಡಿದು, ತನ್ನ ಸ್ಥಿತಿಯನ್ನು ನೋಡಿಕೊಂಡು, ಬಳಿಕ ತನ್ನ ಬೀಗವನ್ನು ಹಿಡಿಯುತ್ತದೆ. ಹಿಡಿದ ಮೇಲೆ ತನ್ನ ಸ್ಥಿತಿಯನ್ನು ಇನ್ನೊಮ್ಮೆ ನೋಡುತ್ತದೆ. ನೋಡಿದ ಹೊತ್ತಿಗೂ ಹಿಡಿದ ಹೊತ್ತಿಗೂ ನಡುವಿನ ರೆಪ್ಪೆ ಬಡಿಯುವಷ್ಟೂ ಅಲ್ಲದ ಕಾಲದಲ್ಲಿ ಅದು ಬದಲಾಗಿದ್ದರೆ, 2024ರವರೆಗೆ ಎರಡನ್ನೂ ಬಿಟ್ಟು ಮೊದಲಿನಿಂದ ಆರಂಭಿಸುತ್ತಿದ್ದಿತು. ಆ ಜಾಗವು ತೊಡಕಿನದೆಂದೂ ಅಪಾಯಕರವೆಂದೂ ಬರೆದವರೇ ಅಲ್ಲಿ ಟಿಪ್ಪಣಿ ಬರೆದಿಟ್ಟಿದ್ದರು. ತ್ಯಾಗಕ್ಕಿಂತ ಈ ಎರಡನೆಯ ನೋಟವು ಕಷ್ಟವೆಂದು ನನ್ನ ಎಣಿಕೆ. ಬಿಟ್ಟುಕೊಡುವ ದೊಡ್ಡಮನಸ್ಸು ಅನೇಕರಿಗೆ ಉಂಟು. ಬಿಟ್ಟುಕೊಟ್ಟು ಬಂದ ಮೇಲೆ, ತಾನು ಮೊದಲು ತಿಳಿದಿದ್ದುದು ಈಗ ಸುಳ್ಳಾಗಿರಬಹುದೆಂದು ಪರೀಕ್ಷಿಸುವವರು ವಿರಳ.

ಕ್ರಮ ಮುರಿದವನನ್ನು ಹಿಡಿಯುವುದು ಹೇಗೆ? ಸ್ತಂಭನವು ದಿನವೂ ಆಗುವುದಲ್ಲ. ಎರಡು ಕಾರ್ಯಗಳು ಸರಿಯಾಗಿ ಆ ಗಳಿಗೆಯಲ್ಲಿಯೇ ಎದುರಾಗಬೇಕು. ಹತ್ತು ವರ್ಷ ಎದುರಾಗದೆ ಇರಬಹುದು. ಹಂಗರಿ ದೇಶದ ಇಂಗೋ ಮೋಲ್ನಾರ್ ಎಂಬವರು 2006ರಲ್ಲಿ ಲಿನಕ್ಸಿಗೆ ಲಾಕ್‌ಡೆಪ್ ಎಂಬ ಕಾವಲುಗಾರನನ್ನು ಕೊಟ್ಟರು. ಅದು ಅನರ್ಥವನ್ನು ಕಾಯುವುದಿಲ್ಲ. ಯಾವ ಬೀಗದ ಮೇಲೆ ಯಾವ ಬೀಗವನ್ನು ಹಿಡಿದರೆಂದು ಬರೆದುಕೊಳ್ಳುತ್ತ, ಎಂದಾದರೊಂದು ದಿನ ಯಾರಾದರೂ ಅದಕ್ಕೆ ವಿರುದ್ಧವಾಗಿ ಹಿಡಿದರೆ, ಏನೂ ಕೆಡದಿದ್ದರೂ ಆ ಕ್ಷಣವೇ ಕೂಗಿಕೊಳ್ಳುತ್ತದೆ. ಒಮ್ಮೆ ಕೂಗಿದ ಮೇಲೆ ಮುಂದಿನ ಪ್ರಾರಂಭದವರೆಗೆ ಬಾಯಿಮುಚ್ಚಿಕೊಂಡಿರುತ್ತದೆಂಬುದು ಅದರ ಸ್ವಭಾವದಲ್ಲಿ ಮೆಚ್ಚತಕ್ಕ ಸಂಗತಿ. ‘ಯಾರಿಗೂ ತೊಂದರೆಯಾಗಲಿಲ್ಲವಲ್ಲ’ ಎಂಬ ಸಮಾಧಾನ ಅದರ ಮುಂದೆ ನಡೆಯದು. ಫಲವನ್ನು ನೋಡಿ ಕರ್ಮವನ್ನು ಅಳೆಯುವ ನಮ್ಮ ನಿತ್ಯದ ನ್ಯಾಯಕ್ಕಿಂತ ಇದು ಕಠಿನ, ಆದರೆ ದಯೆಯುಳ್ಳದ್ದು. ತಪ್ಪು ಇನ್ನೂ ಯಾರನ್ನೂ ನೋಯಿಸದೆ ಇರುವಾಗ ಹೇಳಿದರೆ ತಿದ್ದಿಕೊಳ್ಳುವವನಿಗೆ ನಾಚಿಕೆ ಕಡಮೆ.

ಈ ಕಾವಲುಗಾರನಲ್ಲಿಯೂ ಒಂದು ದೋಷವುಂಟು. ಬೀಗಗಳು ಲಕ್ಷಗಟ್ಟಲೆ ಇರುವುದರಿಂದ ಅದು ಒಂದೊಂದನ್ನೂ ಬೇರೆಬೇರೆಯಾಗಿ ನೋಡದೆ ವರ್ಗ ವರ್ಗವಾಗಿ ನೋಡುತ್ತದೆ. ಸಾಕೆಟ್ ಬೀಗಗಳೆಲ್ಲ ಒಂದೇ ವರ್ಗ. ಆದುದರಿಂದ ಒಂದರ ಮೇಲೊಂದನ್ನು ಹಿಡಿದರೆ, ಹಿಡಿದ ಕ್ರಮ ಸರಿಯಾಗಿದ್ದರೂ ಅದಕ್ಕೆ ಅನುಮಾನ. ವರ್ಗವನ್ನು ನೋಡಿ ವ್ಯಕ್ತಿಯನ್ನು ಶಂಕಿಸುವ ಈ ಚಾಳಿಯ ವಿಷಯವನ್ನು ನಮ್ಮ ಓದುಗರಿಗೆ ವಿಸ್ತರಿಸಬೇಕಾದುದಿಲ್ಲ. ಬಹುಕಾಲ ಇದಕ್ಕಿದ್ದ ಉಪಾಯವೆಂದರೆ, ಬರೆದವರು ಅಂಥ ಕಡೆಗಳಲ್ಲೆಲ್ಲ ‘ಇದು ಎರಡನೆಯ ಬೀಗ, ತಿಳಿದೇ ಹಿಡಿದಿದ್ದೇವೆ’ ಎಂದು ಒಂದು ಗುರುತು ಹಾಕಿ ಕಾವಲುಗಾರನ ಬಾಯಿ ಮುಚ್ಚಿಸುವುದು. ಗುರುತಿದ್ದಲ್ಲಿ ಅದು ಏನನ್ನೂ ಕೇಳದು. ಕ್ರಮ ನಿಜವಾಗಿ ತಪ್ಪಿದ್ದರೂ ಕೇಳದು. 2024ರಲ್ಲಿ ಈ ಸಾಕೆಟ್ ಭಾಗವನ್ನು ನೋಡಿಕೊಳ್ಳುತ್ತಿದ್ದವರು ಆ ಗುರುತುಗಳಲ್ಲಿ ಅನೇಕವನ್ನು ತೆಗೆದುಹಾಕಿ, ಎರಡು ಸಾಕೆಟ್ಟುಗಳಲ್ಲಿ ಯಾವುದು ಮೊದಲು, ಏತರಿಂದ ಮೊದಲು ಎಂಬ ನಿಯಮವನ್ನೇ ಬರೆದು ಲಾಕ್‌ಡೆಪ್‌ನ ಕೈಗೆ ಕೊಟ್ಟರು. ವಿಳಾಸದಿಂದ ಗೊತ್ತಾಗುವ ಕಡೆ ವಿಳಾಸ. ಕರೆಯುವವನೂ ಕರೆ ಸ್ವೀಕರಿಸುವವನೂ ಇರುವ ಕಡೆ ಸ್ವೀಕರಿಸುವವನು ಮೊದಲು. ಬೀಗ ಹಿಡಿಯುವ ಕ್ರಮದಲ್ಲಿ ಇದರಿಂದ ಒಂದಕ್ಷರವೂ ಬದಲಾಗಲಿಲ್ಲ. ಹಿಂದೆ ಹಿಡಿಯುತ್ತಿದ್ದಂತೆಯೇ ಈಗಲೂ ಹಿಡಿಯುತ್ತಾರೆ. ಆದರೆ ಹಿಂದೆ ನಂಬು ಎಂದಷ್ಟೇ ಹೇಳಿಸಿಕೊಳ್ಳುತ್ತಿದ್ದ ಕಾವಲುಗಾರನು ಈಗ ಪ್ರತಿ ಸಲವೂ ನಿಯಮವನ್ನು ಹಿಡಿದು ತಾನೇ ಹೋಲಿಸಿನೋಡುತ್ತಾನೆ.